ಪಟ್ಟಿಯಿಂದ ಪೆಟ್ಟಿಗೆಯವರೆಗೆ

ಮಧುಗಿರಿಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದಾಗ ಪ್ರತಿ ವರ್ಷವೂ ಅಮೆರಿಕದ ಮೊದಲ ರಾಜಕೀಯ ಪಕ್ಷಗಳ ಅಧ್ಯಾಯ ಬರುತ್ತಿತ್ತು. ಕಪ್ಪುಹಲಗೆಯ ಮಧ್ಯೆ ಒಂದು ಗೆರೆ ಎಳೆದು ಒಂದು ಕಡೆ ಹ್ಯಾಮಿಲ್ಟನ್ ಹೆಸರು, ಇನ್ನೊಂದು ಕಡೆ ಜೆಫರ್ಸನ್ ಹೆಸರು ಬರೆಯುತ್ತಿದ್ದೆ. ಒಮ್ಮೆ ಪಾವಗಡದ ಕಡೆಯ ಹುಡುಗನೊಬ್ಬ ಎದ್ದು ನಿಂತ. "ಸಾರ್, ನಮ್ ಮೈಸೂರ್ ಸೀಮೇಲಿ ಮೊದಲ್ನೇ ಪಾರ್ಟಿ ಯಾವ್ದು?" ಹಿಂದಿನ ಬೆಂಚಿನಿಂದ ನಾಲ್ಕಾರು ಮಂದಿ ಒಟ್ಟಿಗೆ "ಕಾಂಗ್ರೆಸ್" ಅಂದರು. ಅಲ್ಲ ಎಂದು ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು. ಅವತ್ತು ಅರ್ಧಕ್ಕೆ ನಿಂತ ಉತ್ತರವನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಆ ಹುಡುಗ ಆಡಿದ 'ಪಾರ್ಟಿ' ಎಂಬ ಮಾತಿನಿಂದಲೇ ಶುರು ಮಾಡುವುದು ಒಳ್ಳೆಯದು. ನಮ್ಮ ಹಳ್ಳಿಗಳಲ್ಲಿ "ಊರಲ್ಲಿ ಪಾರ್ಟಿ ಆಗೈತೆ" ಎಂದರೆ ಊರು ಒಡೆದಿದೆ ಎಂದರ್ಥ. ಪಟೇಲರ ಪಾರ್ಟಿ, ಶಾನುಭೋಗರ ಪಾರ್ಟಿ; ಕೆರೆ ನೀರಿಗೆ ಒಂದು, ಜಾತ್ರೆಯ ತೇರಿಗೆ ಇನ್ನೊಂದು. ಆ ಮಾತನ್ನು ಯಾರೂ ಮೆಚ್ಚಿ ಆಡುವುದಿಲ್ಲ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಕುಳಿತು ಸಂವಿಧಾನ ಬರೆದವರಿಗೂ ಪಕ್ಷ ಎಂದರೆ ಹೀಗೆ ಒಡಕೇ ಆಗಿತ್ತು. ಅವರ ಸಂವಿಧಾನದಲ್ಲಿ ಪಕ್ಷದ ಪ್ರಸ್ತಾಪವೇ ಇಲ್ಲ. ಗುಂಪುಗಾರಿಕೆಯ ಅಪಾಯದ ಬಗ್ಗೆ ದೀರ್ಘ ಲೇಖನ ಬರೆದ ಮ್ಯಾಡಿಸನ್ ನಾಲ್ಕೇ ವರ್ಷದಲ್ಲಿ ಜೆಫರ್ಸನ್ ಜೊತೆ ಸೇರಿ ಒಂದು ಪಕ್ಷ ಕಟ್ಟುತ್ತಿದ್ದ.

ಜಗಳ ಹುಟ್ಟಿದ್ದು ಸಾಲದ ವಿಷಯಕ್ಕೆ. ಸ್ವಾತಂತ್ರ್ಯ ಸಮರದಲ್ಲಿ ಸಂಸ್ಥಾನಗಳು ಮಾಡಿದ ಸಾಲವನ್ನೆಲ್ಲ ಕೇಂದ್ರ ಸರ್ಕಾರವೇ ಹೊತ್ತುಕೊಂಡು ತೀರಿಸಬೇಕೆಂದು 1790ರ ಜನವರಿಯಲ್ಲಿ ಖಜಾನೆ ಕಾರ್ಯದರ್ಶಿ ಹ್ಯಾಮಿಲ್ಟನ್ ವರದಿ ಕೊಟ್ಟ. ಮರುವರ್ಷ ರಾಷ್ಟ್ರೀಯ ಬ್ಯಾಂಕು ಬಂತು. ಇದರಿಂದ ವರ್ತಕರು ಕೊಬ್ಬುತ್ತಾರೆ, ರೈತ ಸೊರಗುತ್ತಾನೆ ಎಂಬುದು ಜೆಫರ್ಸನ್ ಕಡೆಯವರ ವಾದ. ಎರಡೂ ಕಡೆಗೆ ಒಂದೊಂದು ಪತ್ರಿಕೆ ಹುಟ್ಟಿಕೊಂಡಿತು. ಆಮೇಲೆ ಫ್ರಾನ್ಸಿನ ಕ್ರಾಂತಿಯ ಪರ ಯಾರು, ವಿರುದ್ಧ ಯಾರು ಎಂಬ ಪ್ರಶ್ನೆ. ಅದರ ಬೆನ್ನಿಗೇ ದೂತನಾಗಿ ಹೋದ ಜಾನ್ ಜೇ ಇಂಗ್ಲೆಂಡಿನೊಂದಿಗೆ ಮಾಡಿಕೊಂಡು ಬಂದ ಒಪ್ಪಂದ. ಆ ಹೊತ್ತಿಗೆ ಜಗಳ ಸಭಾಂಗಣದಿಂದ ಬೀದಿಗೆ ಇಳಿದಿತ್ತು. 1796ರಲ್ಲಿ ವಾಷಿಂಗ್ಟನ್ ತನ್ನ ಬೀಳ್ಕೊಡುಗೆಯ ಸಂದೇಶದಲ್ಲಿ ಪಕ್ಷಭೇದ ಬೇಡವೆಂದು ಬೇಡಿಕೊಂಡರೂ ಕಾಲ ಮೀರಿತ್ತು. 1800ರ ಚುನಾವಣೆಯಲ್ಲಿ ಜೆಫರ್ಸನ್ ಮತ್ತು ಅವನದೇ ಪಕ್ಷದ ಬರ್ ಇಬ್ಬರಿಗೂ ಸರಿಸಮ 73 ಮತ ಬಿದ್ದು, ಪ್ರತಿನಿಧಿ ಸಭೆ 36 ಸಲ ಮತ ಹಾಕಿ ಜೆಫರ್ಸನ್‌ನನ್ನು ಆರಿಸಿತು. ಸೋತ ಪಕ್ಷ ದಂಗೆ ಏಳದೆ ಅಧಿಕಾರ ಬಿಟ್ಟುಕೊಟ್ಟು ಮನೆಗೆ ಹೋಯಿತು. ಪಕ್ಷ ಎಂದರೆ ಒಡಕು ಎಂದು ನಂಬಿದ್ದವರು ಪಕ್ಷದೊಂದಿಗೆ ಬದುಕಲು ಕಲಿತದ್ದು ಅಲ್ಲಿಂದ ಮುಂದೆ.

ನಮ್ಮ ಕಥೆ ಶುರುವಾಗುವುದೂ ಸಾಲದಿಂದ, ಅದಕ್ಕೂ ಮೊದಲು ಬರದಿಂದ. ಹಳಬರು ಧಾತು ಈಶ್ವರದ ಬರ ಎಂದು ಕರೆಯುತ್ತಿದ್ದ 1876-78ರ ಕ್ಷಾಮ ಮೈಸೂರು ಸೀಮೆಯನ್ನು ಅರ್ಧ ಸ್ಮಶಾನ ಮಾಡಿತು. 1871ರಲ್ಲಿ 50 ಲಕ್ಷ ಮೀರಿದ್ದ ಜನ 1881ರ ಗಣತಿಗೆ 42 ಲಕ್ಷದೊಳಗೆ ಇಳಿದಿದ್ದರು. ಶಿರಾ, ಪಾವಗಡ, ಮದ್ದಗಿರಿ (ಮಧುಗಿರಿಗೆ ಆಗಿನ ಹೆಸರು ಅದೇ) ಇವೆಲ್ಲ ಮಳೆಗಾಲದಲ್ಲೂ ಮುಗಿಲು ನೋಡುತ್ತ ಕೂರುವ ನಾಡು. ಕೆರೆ ಒಣಗಿದರೆ ಮುಗಿಯಿತು. ಐವತ್ತು ವರ್ಷದ ಬ್ರಿಟಿಷ್ ಕಮಿಷನರ್ ಆಡಳಿತ ಮುಗಿದು 1881ರ ಮಾರ್ಚಿನಲ್ಲಿ ಹತ್ತನೆಯ ಚಾಮರಾಜ ಒಡೆಯರಿಗೆ ರಾಜ್ಯ ಮರಳಿದಾಗ, ಅದರ ಜೊತೆಗೆ ಬರಗಾಲದ 80 ಲಕ್ಷ ರೂಪಾಯಿ ಸಾಲವೂ ಬಂತು.

ಖಾಲಿ ಬೊಕ್ಕಸದ ದಿವಾನರಾಗಿ ಬಂದ ಸಿ. ರಂಗಾಚಾರ್ಲು ಆಗಸ್ಟ್ ತಿಂಗಳಲ್ಲಿ ಒಂದು ಆಜ್ಞೆ ಹೊರಡಿಸಿದರು. ದಸರೆಗೆ ಪ್ರತಿ ತಾಲ್ಲೂಕಿನಿಂದ ಒಬ್ಬಿಬ್ಬರು ಸಾಗುವಳಿದಾರರು, ಜಿಲ್ಲೆಗೆ ಮೂರ್ನಾಲ್ಕು ಮಂದಿ ವರ್ತಕರು ಮೈಸೂರಿಗೆ ಬರಬೇಕು. ಸರ್ಕಾರ ಏನು ಮಾಡಿದೆ, ಏನು ಮಾಡಲಿದೆ ಎಂಬುದನ್ನು ಅವರಿಗೆ ತಿಳಿಸಲಾಗುವುದು, ಅವರ ಅಹವಾಲು ಕೇಳಲಾಗುವುದು. 1881ರ ಅಕ್ಟೋಬರ್ 7ರಂದು 144 ಮಂದಿ ಸೇರಿದರು. ದೇಶೀ ಸಂಸ್ಥಾನವೊಂದರಲ್ಲಿ ಅಂಥ ಸಭೆ ಅದಕ್ಕೆ ಮೊದಲು ನಡೆದಿರಲಿಲ್ಲ. ಮೈಸೂರಿಗೆ ಇನ್ನೂ ರೈಲು ಮುಟ್ಟಿರಲಿಲ್ಲ. ಪಾವಗಡದಿಂದ ಮೈಸೂರಿಗೆ 250 ಕಿಲೋಮೀಟರಿಗೂ ಹೆಚ್ಚು ದೂರ. ಅಷ್ಟು ದಾರಿಯನ್ನು ಗಾಡಿ ಕಟ್ಟಿಕೊಂಡು ಕ್ರಮಿಸಿ, ಹೊಸ ಪಂಚೆ ಉಟ್ಟು, ರುಮಾಲು ಸುತ್ತಿ ದಿವಾನರ ಎದುರು ಕೂರುವುದು ಸಣ್ಣ ಮಾತಲ್ಲ. ಕೇಳಲಿಕ್ಕಿದ್ದದ್ದು ಮಾತ್ರ ಹಳೆಯದೇ: ಕೆರೆ ದುರಸ್ತಿ, ಕಂದಾಯ, ಕಾಡಿನ ನಿರ್ಬಂಧ.

ಆ ಪ್ರಜಾಪ್ರತಿನಿಧಿ ಸಭೆಗೆ ಯಾರು ಹೋಗಬೇಕೆಂದು ಪಟ್ಟಿ ಮಾಡುತ್ತಿದ್ದದ್ದು ಲೋಕಲ್ ಫಂಡ್ ಬೋರ್ಡುಗಳು. ಅಂದರೆ ಅಧಿಕಾರಿಗಳ ಕಣ್ಣಳತೆಯಲ್ಲೇ. ಪಟ್ಟಿಯಲ್ಲಿ ಹೆಸರಿದ್ದವನು ಸರ್ಕಾರಕ್ಕೆ ಬೇಕಾದವನು, ಊರಿಗೆ ದೊಡ್ಡವನು. ಅವನು ಹತ್ತು ಜನರ ಪರವಾಗಿ ಮಾತಾಡುತ್ತಿದ್ದ, ಆದರೆ ಹತ್ತು ಜನರನ್ನು ಕೂಡಿಸಿಕೊಂಡು ಮಾತಾಡುವ ಅಗತ್ಯ ಅವನಿಗೆ ಬೀಳುತ್ತಿರಲಿಲ್ಲ. ಶೇಷಾದ್ರಿ ಅಯ್ಯರ್ ದಿವಾನಗಿರಿಯಲ್ಲಿ, 1891ರ ಹೊತ್ತಿಗೆ, ಇಂತಿಷ್ಟು ಕಂದಾಯ ಕಟ್ಟುವವರು ಮತ ಹಾಕಿ ಆರಿಸುವ ಕ್ರಮ ಬಂತು. ಮತ ಬಂದ ಮೇಲೂ ಬಹುಕಾಲ ಪಕ್ಷ ಬರಲಿಲ್ಲ. ಚುನಾವಣೆ ಇದ್ದ ಕಡೆ ಪಕ್ಷ ತಾನಾಗಿ ಹುಟ್ಟುತ್ತದೆ ಎಂದು ಪಠ್ಯಪುಸ್ತಕ ಬರೆಯುವವರು ಈ ಇಪ್ಪತ್ತೈದು ವರ್ಷಗಳನ್ನು ಒಮ್ಮೆ ನೋಡಬೇಕು. ಸಭೆಗೆ ಕೇಳುವ ಹಕ್ಕಿತ್ತೇ ಹೊರತು ಕೊಡುವ ಅಧಿಕಾರ ಇರಲಿಲ್ಲ. ಕೊಡುವುದೆಲ್ಲ ದಿವಾನರ ಕೈಯಲ್ಲಿ. ಹಾಗಾಗಿ ಮೊದಲ ದೊಡ್ಡ ಜಗಳ ಎದ್ದದ್ದು ಸಭೆಯೊಳಗಲ್ಲ, ಕಚೇರಿಯ ಕುರ್ಚಿಗಳ ಸುತ್ತ.

ಮೊದಲು ಆ ಜಗಳ ಮದ್ರಾಸಿನಿಂದ ಬಂದ ಬ್ರಾಹ್ಮಣ ಅಧಿಕಾರಿಗಳಿಗೂ ಮೈಸೂರಿನ ಬ್ರಾಹ್ಮಣರಿಗೂ ನಡುವೆ ನಡೆಯಿತು. 'ಮೈಸೂರು ಮೈಸೂರಿಗರಿಗೆ' ಎಂಬ ಕೂಗು ಆ ಕಾಲದ್ದು. ಬರಬರುತ್ತ ಅದೇ ಪ್ರಶ್ನೆಯನ್ನು ಬೇರೆಯವರೂ ಕೇಳತೊಡಗಿದರು: ಮೈಸೂರಿಗರು ಎಂದರೆ ಯಾವ ಮೈಸೂರಿಗರು? ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ವರೂ ಇಲ್ಲದ ಬ್ರಾಹ್ಮಣರು ದೊಡ್ಡ ಹುದ್ದೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ತುಂಬಿದ್ದರು. 1905ರಲ್ಲಿ ಲಿಂಗಾಯತರ ವಿದ್ಯಾನಿಧಿ ಸಂಸ್ಥೆ, 1906ರಲ್ಲಿ ಒಕ್ಕಲಿಗರ ಸಂಘ ಕಟ್ಟಿಕೊಂಡವು. ಹಾಸ್ಟೆಲು, ವಿದ್ಯಾರ್ಥಿವೇತನ, ಪತ್ರಿಕೆ ಎಲ್ಲವೂ ಒಂದರ ಹಿಂದೊಂದು ಬಂದವು.

ಈ ಸಂಘಗಳ ಒಳಗೆ ನಡೆದ ಒಂದು ಸಂಗತಿಯನ್ನು ನಮ್ಮ ಕಡೆಯ ತಾಲ್ಲೂಕುಗಳವರು ಚೆನ್ನಾಗಿ ಬಲ್ಲರು. ಮಧುಗಿರಿ, ಶಿರಾ, ಕೊರಟಗೆರೆ ಕಡೆಯ ಕುಂಚಿಟಿಗರಿಗೂ ಮಂಡ್ಯ ಸೀಮೆಯ ಗಂಗಡಿಕಾರರಿಗೂ ಆಗ ಹೆಣ್ಣು ಕೊಟ್ಟು ತರುವ ಬಳಕೆ ಇರಲಿಲ್ಲ. ಒಬ್ಬರ ದೇವರು ಇನ್ನೊಬ್ಬರಿಗೆ ತಿಳಿಯದು. ಸರ್ಕಾರದ ಮುಂದೆ ಅರ್ಜಿ ಹಿಡಿದು ನಿಲ್ಲುವಾಗ ಇಬ್ಬರೂ ಒಕ್ಕಲಿಗರಾದರು. ಸಂಖ್ಯೆ ದೊಡ್ಡದಾದಷ್ಟೂ ಅರ್ಜಿಗೆ ತೂಕ. ನಾವು ಇಂದು ಹಳೆಯ ಕಾಲದಿಂದ ಬಂದವು ಎಂದುಕೊಂಡಿರುವ ಎಷ್ಟೋ ಜಾತಿಕೂಟಗಳು ಆ ಹದಿನೈದು ಇಪ್ಪತ್ತು ವರ್ಷಗಳಲ್ಲಿ, ಜನಗಣತಿ ಮತ್ತು ಅರ್ಜಿಗಳ ನಡುವೆ ಬೆಸೆದುಕೊಂಡವು. ಪಕ್ಷ ಆಮೇಲೆ ಬಂತು. ಆ ಪಕ್ಷಕ್ಕೆ ಬೇಕಾದ ಜನ ಮೊದಲು ತಯಾರಾದರು.

1916ರ ನವೆಂಬರಿನಲ್ಲಿ ಮದ್ರಾಸಿನಲ್ಲಿ ಜಸ್ಟಿಸ್ ಪಕ್ಷ ಹುಟ್ಟಿತು. ಮರುವರ್ಷವೇ, 1917ರಲ್ಲಿ, ಮೈಸೂರಿನಲ್ಲಿ ಪ್ರಜಾಮಿತ್ರ ಮಂಡಳಿ. ಹುಡುಗನ ಪ್ರಶ್ನೆಗೆ ಉತ್ತರ ಇದು. ಅದರ ಹಿಂದಿದ್ದ ಬುದ್ಧಿ ಚಿತ್ತೂರು ಸೀಮೆಯಿಂದ ಬಂದು ಮಹಾರಾಜ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಕಟ್ಟಮಂಚಿ ರಾಮಲಿಂಗಾರೆಡ್ಡಿ ಅವರದು. ಮುಂದೆ ನಿಂತವರು ಎಂ. ಬಸವಯ್ಯ, ಎಚ್. ಚೆನ್ನಯ್ಯ, ಗುಲಾಂ ಅಹಮದ್ ಕಲಾಮಿ ಮೊದಲಾದವರು. ಒಕ್ಕಲಿಗ, ಲಿಂಗಾಯತ, ಮುಸ್ಲಿಂ ಮುಖಂಡರು ಒಂದೇ ಜಮಖಾನದ ಮೇಲೆ ಕುಳಿತದ್ದು ಅಲ್ಲಿ. ಮಂಡಳಿಯವರು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಬಳಿಗೆ ನಿಯೋಗ ಹೋದರು. 1918ರಲ್ಲಿ ಮಹಾರಾಜರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದ ಜನಾಂಗಗಳಿಗೆ ಸಿಗಬೇಕು ಎಂದು ಅದು ಹೇಳಿತು. ಅರ್ಹತೆಗೆ ಅಡ್ಡಿಯಾಗುತ್ತದೆ ಎಂಬುದು ದಿವಾನ್ ವಿಶ್ವೇಶ್ವರಯ್ಯನವರ ದೃಢವಾದ ನಿಲುವು. ಅವರು ದಿವಾನಗಿರಿ ಬಿಟ್ಟರು. ಅವರ ಸ್ಥಾನಕ್ಕೆ ಬಂದ ಕಾಂತರಾಜ ಅರಸರ ಕಾಲದಲ್ಲಿ, 1921ರಲ್ಲಿ, ಶಿಫಾರಸುಗಳು ಬಹುಮಟ್ಟಿಗೆ ಜಾರಿಗೆ ಬಂದವು. ವಿಶ್ವೇಶ್ವರಯ್ಯನವರ ಬಗ್ಗೆ ನನಗಿರುವ ಗೌರವ ಕಡಿಮೆಯದಲ್ಲ. ಆದರೂ ಮಿಲ್ಲರ್ ವರದಿ ಇರದಿದ್ದರೆ ನಮ್ಮ ತಾಲ್ಲೂಕುಗಳ ಮೊದಲ ತಲೆಮಾರಿನ ಮೇಷ್ಟರು, ಗುಮಾಸ್ತರು, ಶಿರಸ್ತೇದಾರರಲ್ಲಿ ಎಷ್ಟು ಮಂದಿ ಆ ಮೆಟ್ಟಿಲು ಹತ್ತುತ್ತಿದ್ದರು ಎಂದು ಯೋಚಿಸಿದರೆ, ಈ ವಿಷಯದಲ್ಲಿ ಮಂಡಳಿಯವರೇ ಸರಿ ಅನ್ನಿಸುತ್ತದೆ.

ಬೇಡಿದ್ದು ಸಿಕ್ಕಿದ ಮೇಲೆ ಮಂಡಳಿ ಮಂಕಾಯಿತು. ಇತ್ತ ಬ್ರಜೇಂದ್ರನಾಥ ಸೀಲ್ ಸಮಿತಿಯ ವರದಿಯ ಮೇಲೆ 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಕಾಯಿದೆಯ ಬಲ ಬಂದು ಮತದಾರರು ಹೆಚ್ಚಿದರು. 1928ರಲ್ಲಿ ಬೆಂಗಳೂರಿನ ಸುಲ್ತಾನಪೇಟೆಯ ಶಾಲೆಯೊಂದರಲ್ಲಿದ್ದ ಗಣಪತಿ ವಿಗ್ರಹದ ವಿಷಯಕ್ಕೆ ಗಲಭೆಯಾಯಿತು. ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಗಲಭೆ ಮುಗಿಯುವಷ್ಟರಲ್ಲಿ, ಹನ್ನೊಂದು ವರ್ಷದ ಹಿಂದೆ ಹಾಸಿದ್ದ ಜಮಖಾನ ಮಧ್ಯಕ್ಕೆ ಹರಿದಿತ್ತು. ಹಿಂದೂ ಮುಖಂಡರು ಒಂದು ಕಡೆ, ಮುಸ್ಲಿಂ ಮುಖಂಡರು ಒಂದು ಕಡೆ. ಶಿರಾದಂಥ ಊರಿನಲ್ಲಿ, ಮಲಿಕ್ ರೆಹಾನ್ ದರ್ಗಾಕ್ಕೆ ಎರಡೂ ಧರ್ಮದವರು ಹೋಗಿಬರುವ ಕಡೆ, ಇಂಥ ರಾಜಧಾನಿಯ ಬಿರುಕು ಜನಜೀವನಕ್ಕಿಂತ ಎಷ್ಟು ಬೇರೆ ಎಂಬುದು ಕಣ್ಣಿಗೆ ಕಾಣುತ್ತದೆ.

ಮಂಡಳಿಯ ಹಿರಿಯರು ಕೆಲಸ ಕೇಳಿದ್ದರು. ಕಿರಿಯರು ಸರ್ಕಾರವನ್ನೇ ಕೇಳಿದರು. ಕೋಲಾರ ಕಡೆಯ ವಕೀಲ ಕೆ.ಸಿ. ರೆಡ್ಡಿ ಮತ್ತು ಗೆಳೆಯರು 1930ರ ಸುಮಾರಿಗೆ ಪ್ರಜಾಪಕ್ಷ ಕಟ್ಟಿ, ಜನರಿಗೆ ಉತ್ತರ ಹೇಳುವ ಜವಾಬ್ದಾರಿ ಸರ್ಕಾರ ಬೇಕೆಂದರು. ಕೆಲವೇ ವರ್ಷಗಳಲ್ಲಿ ಮಂಡಳಿ, ಪಕ್ಷ ಎರಡೂ ಸೇರಿ ಪ್ರಜಾ ಸಂಯುಕ್ತ ಪಕ್ಷವಾಯಿತು. ಇನ್ನೊಂದು ಕಡೆ ಖಾದಿ, ಹರಿಜನ ಸೇವೆ, ಗಾಂಧಿ ಎಂದು ಕೆಲಸ ಮಾಡುತ್ತಿದ್ದ ಕಾಂಗ್ರೆಸ್ಸಿಗರು. ಪಟ್ಟಣಗಳಲ್ಲಿ ಅವರ ಮುಂದಾಳುಗಳು ಹೆಚ್ಚಾಗಿ ಬ್ರಾಹ್ಮಣರು. ಒಬ್ಬರಿಗೆ ಹಳ್ಳಿಯ ಸಂಖ್ಯೆ ಇತ್ತು, ಇನ್ನೊಬ್ಬರಿಗೆ ದೇಶವೆಲ್ಲ ಬಲ್ಲ ಹೆಸರು ಇತ್ತು. ಇಪ್ಪತ್ತು ವರ್ಷ ಕುರ್ಚಿಗಾಗಿ ಎದುರಾಳಿಗಳಾಗಿದ್ದವರು 1937ರಲ್ಲಿ ಕಾಂಗ್ರೆಸ್ಸಿನೊಳಗೆ ಒಂದಾದರು. ಅಮೆರಿಕದಲ್ಲಿ ಒಂದು ಗುಂಪು ಎರಡಾಗಿ ಪಕ್ಷಗಳು ಹುಟ್ಟಿದರೆ, ಮೈಸೂರಿನಲ್ಲಿ ಎರಡು ಗುಂಪು ಒಂದಾಗಿ ನಿಜವಾದ ಪಕ್ಷ ಹುಟ್ಟಿತು. ನನ್ನ ಪಾಠದಲ್ಲಿ ಹಲಗೆಯ ಮೇಲೆ ಎಳೆಯುತ್ತಿದ್ದ ಗೆರೆಯನ್ನು ಇಲ್ಲಿ ಅಳಿಸಬೇಕಾಗುತ್ತಿತ್ತು.

ಅದೇ ವರ್ಷ ಯಾಕೆ? ಇದಕ್ಕೆ ಪಾವಗಡದಲ್ಲಿ ನಿಂತು ನೋಡಿದರೆ ಒಂದು ಉತ್ತರ ಸಿಗುತ್ತದೆ. ಆಗ ಪಾವಗಡಕ್ಕೆ ಮೂರು ದಿಕ್ಕಿಗೂ ಅನಂತಪುರ ಜಿಲ್ಲೆ, ಅಂದರೆ ಮದ್ರಾಸ್ ಪ್ರಾಂತ್ಯ. ಸಂತೆ, ಸಂಬಂಧ, ಮಾತು ಎಲ್ಲದಕ್ಕೂ ಜನ ಗಡಿ ದಾಟುತ್ತಿದ್ದರು. ಗಡಿಯಾಚೆಯ ಮಡಕಶಿರಾದಲ್ಲಿ ಕನ್ನಡ, ಪಾವಗಡದಲ್ಲಿ ತೆಲುಗು ಸಲೀಸು. 1937ರ ಫೆಬ್ರವರಿಯಲ್ಲಿ ಆ ಕಡೆ ಚುನಾವಣೆ ನಡೆದು, ಕಾಂಗ್ರೆಸ್ಸಿನ ಹಳದಿ ಪೆಟ್ಟಿಗೆಗೆ ಮತಗಳು ತುಂಬಿ ಬಿದ್ದವು. 215 ಸ್ಥಾನಗಳಲ್ಲಿ 159 ಗೆದ್ದು, ಜುಲೈನಲ್ಲಿ ರಾಜಾಜಿ ಮಂತ್ರಿಮಂಡಲ ಬಂತು. ಗಡಿಯಾಚೆಯ ಸೋದರಮಾವನ ಊರಿನಲ್ಲಿ ಮತದ ಮೇಲೆ ಮಂತ್ರಿಗಳು ಬಂದರು. ಗಡಿ ಈಚೆಯ ಅಳಿಯನಿಗೆ ದಸರೆಯಲ್ಲಿ ಅಹವಾಲು ಹೇಳುವ ಅವಕಾಶ ಮಾತ್ರ. ಈ ವ್ಯತ್ಯಾಸವನ್ನು ತಿಳಿಸಿಹೇಳಲು ಯಾವ ಭಾಷಣಕಾರನೂ ಬೇಕಿರಲಿಲ್ಲ.

1938ರ ಏಪ್ರಿಲ್ 11ರಂದು ಮದ್ದೂರಿನ ಬಳಿ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ. ನಿಷೇಧಾಜ್ಞೆ ಇದ್ದರೂ ಅಧ್ಯಕ್ಷ ಟಿ. ಸಿದ್ಧಲಿಂಗಯ್ಯ ಮೂರು ಬಣ್ಣದ ಬಾವುಟ ಏರಿಸಿ ಬಂಧನಕ್ಕೊಳಗಾದರು. ಅಲ್ಲಿಂದ ಧ್ವಜ ಸತ್ಯಾಗ್ರಹ ಊರೂರಿಗೆ ಹಬ್ಬಿತು. ಎರಡು ವಾರದ ಬಳಿಕ ಅದು ನಮ್ಮ ಅಂಗಳಕ್ಕೆ ಬಂತು.

ಮಧುಗಿರಿ, ಕೊರಟಗೆರೆ ತಾಲ್ಲೂಕುಗಳಿಗೆ ಮೂಡಲಲ್ಲಿ ತಾಗಿಕೊಂಡಿರುವುದು ಗೌರಿಬಿದನೂರು. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ದಾಟಿ ಹೋಗಿ ಸೇರುವುದು ಉತ್ತರ ಪಿನಾಕಿನಿಯನ್ನು. ಆ ಪಿನಾಕಿನಿಯ ದಂಡೆಯಲ್ಲೇ ವಿದುರಾಶ್ವತ್ಥ. ವಿದುರ ನೆಟ್ಟನೆಂದು ಜನ ನಂಬಿದ್ದ ಅರಳಿ ಮರ ಆಗ ಅಲ್ಲಿತ್ತು, ಅದರ ಸುತ್ತ ಮಕ್ಕಳಿಗಾಗಿ ಹರಕೆ ಹೊತ್ತವರು ನಿಲ್ಲಿಸಿದ ಸಾವಿರಾರು ನಾಗರ ಕಲ್ಲುಗಳು. ಏಪ್ರಿಲ್ 25 ಜಾತ್ರೆಯ ಕಾಲ. ಸುತ್ತಲಿನ ತಾಲ್ಲೂಕುಗಳಿಂದ, ಹಿಂದೂಪುರದ ಕಡೆಯಿಂದ ಗಾಡಿಗಳು ಬಂದು ತೋಪಿನಲ್ಲಿ ಬೀಡು ಬಿಟ್ಟಿದ್ದವು. ಬಾವುಟ ಏರಿಸಲು, ಭಾಷಣ ಮಾಡಲು ಕಾಂಗ್ರೆಸ್ಸಿಗರು ಸೇರಿದರು. ಸಭೆ ಕೂಡದೆಂದು ಆಜ್ಞೆ ಇತ್ತು. ಮುಂದಾಳು ಎನ್.ಸಿ. ನಾಗಯ್ಯರೆಡ್ಡಿ ಮಾತಿಗೆ ನಿಂತರು. ಪೊಲೀಸರು ಚದುರಿಸಲು ಬಂದರು, ಜನ ಕದಲಲಿಲ್ಲ, ಗುಂಡು ಹಾರಿತು. ಸರ್ಕಾರದ ಲೆಕ್ಕಕ್ಕೆ ಸತ್ತವರು 10. ಸುತ್ತಲಿನ ಜನರ ಲೆಕ್ಕ 30 ದಾಟುತ್ತದೆ. ಪೂಜೆಗೆ ಬಂದವರು ಯಾರು, ಸಭೆಗೆ ಬಂದವರು ಯಾರು ಎಂದು ಗುಂಡಿಗೆ ಬೇರ್ಪಡಿಸಲು ಆಗಲಿಲ್ಲ. ಅರಶಿನ ಕುಂಕುಮ ಹಚ್ಚಿದ ನಾಗರ ಕಲ್ಲುಗಳ ಆಸುಪಾಸಿನಲ್ಲೇ ಹೆಣಗಳು ಬಿದ್ದವು.

ನನಗೆ ಈ ಕಥೆಯ ತಿರುವು ಇದೇ. 1917ರ ಮಂಡಳಿ ಮಹಾರಾಜರ ದಿವಾನಖಾನೆಗೆ ಹೋಗಿತ್ತು. 1938ರ ಪಕ್ಷ ಜಾತ್ರೆಗೆ ಬಂತು. ಅರ್ಜಿ ಬರೆಯಲು ಅಕ್ಷರ ಬೇಕು, ಮತ ಹಾಕಲು ಕಂದಾಯ ಕಟ್ಟಿರಬೇಕು. ಬಾವುಟದ ಕೆಳಗೆ ನಿಲ್ಲಲು ಎರಡೂ ಬೇಡ.

ಗಾಂಧೀಜಿ ವಲ್ಲಭಭಾಯಿ ಪಟೇಲ್ ಮತ್ತು ಕೃಪಲಾನಿ ಅವರನ್ನು ಕಳಿಸಿದರು. ಮೇ ತಿಂಗಳಲ್ಲಿ ಮಿರ್ಜಾ ಮತ್ತು ಪಟೇಲರ ನಡುವೆ ಒಪ್ಪಂದವಾಯಿತು. ಸರ್ಕಾರ ಮೈಸೂರು ಕಾಂಗ್ರೆಸ್ಸನ್ನು ಮಾನ್ಯ ಮಾಡಿತು, ಕೈದಿಗಳು ಹೊರಬಂದರು, ಸಭೆಗಳಲ್ಲಿ ಸಂಸ್ಥಾನದ ಗಂಡಭೇರುಂಡದ ಧ್ವಜದ ಜೊತೆಗೆ ತ್ರಿವರ್ಣವೂ ಹಾರಬಹುದೆಂದಾಯಿತು. ಗುಂಡು ಹಾರಿಸಿದ್ದರ ಬಗ್ಗೆ ನಿವೃತ್ತ ನ್ಯಾಯಮೂರ್ತಿ ವೇಪ ರಾಮೇಶಂ ಅಧ್ಯಕ್ಷತೆಯಲ್ಲಿ ವಿಚಾರಣೆ ನಡೆಯಿತು.

ವಿದ್ವಾಂಸರು ಈ ಕಾಲವನ್ನು ಒಂದೇ ರೀತಿ ಓದುವುದಿಲ್ಲ. 1917ರಿಂದ 1955ರವರೆಗಿನ ಮೈಸೂರಿನ ಮೇಲೆ ಗ್ರಂಥ ಬರೆದ ಜೇಮ್ಸ್ ಮ್ಯಾನರ್ ಪ್ರಕಾರ ಆರಂಭದ ಪಕ್ಷಗಳು ನಗರದ ಕೆಲವೇ ಮುಖಂಡರ ಕೂಟಗಳು. ಹಳ್ಳಿಯ ರಾಜಕೀಯ ತನ್ನಷ್ಟಕ್ಕೆ ತಾನು ನಡೆಯುತ್ತಿತ್ತು, ಎರಡಕ್ಕೂ ಕೊಂಡಿ ಬಿದ್ದದ್ದು ತಡವಾಗಿ. ಎಸ್. ಚಂದ್ರಶೇಖರ್ ಅವರಂಥವರು ಹಿಂದುಳಿದ ವರ್ಗಗಳ ಚಳವಳಿಯನ್ನೇ ಸಾಮಾಜಿಕ ಬದಲಾವಣೆಯ ಮುಖ್ಯ ಶಕ್ತಿಯಾಗಿ ನೋಡುತ್ತಾರೆ. ಅಮೆರಿಕದ ಬಗ್ಗೆಯೂ ಇಂಥದೇ ತಕರಾರಿದೆ: 1790ರ ದಶಕದ ಗುಂಪುಗಳನ್ನು ಪಕ್ಷ ಎನ್ನಬಹುದೋ, ಬರೀ ಪಕ್ಷದ ಮೊಳಕೆ ಎನ್ನಬೇಕೋ? ಹಳ್ಳಿಯ 'ಪಾರ್ಟಿ'ಯ ಅರ್ಥ ಬಲ್ಲವನಾಗಿ ಮ್ಯಾನರ್ ಮಾತನ್ನು ನಾನು ತಳ್ಳಿಹಾಕಲಾರೆ. ಪಟೇಲ ಯಾವ ಕಡೆಯೋ ಊರು ಆ ಕಡೆ ಎಂಬುದು ಬಹಳ ದಿನ ನಿಜವಾಗಿತ್ತು. ಆದರೆ ಪಟೇಲನನ್ನು ಕೇಳದೆ ಜಾತ್ರೆಯಲ್ಲಿ ಬಾವುಟದ ಬಳಿ ನಿಂತವರನ್ನು ಆ ಲೆಕ್ಕದಲ್ಲಿ ಎಲ್ಲಿ ಸೇರಿಸುವುದು?

ಮುಂದಿನದು ಬೇಗ ನಡೆಯಿತು. ಒಪ್ಪಂದ ಹಳಸಿ 1939ರಲ್ಲಿ ಮತ್ತೆ ಸತ್ಯಾಗ್ರಹ, 1942ರಲ್ಲಿ ಚಲೇಜಾವ್. 1947ರ ಆಗಸ್ಟ್ 15 ಕಳೆದರೂ ಮೈಸೂರಿನಲ್ಲಿ ದಿವಾನರ ಆಡಳಿತವೇ ಇತ್ತು. ಸೆಪ್ಟೆಂಬರಿನಲ್ಲಿ 'ಮೈಸೂರು ಚಲೋ' ಶುರುವಾಯಿತು. ಅಕ್ಟೋಬರ್ ಕೊನೆಯ ವಾರ ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ಆ ಮಂತ್ರಿಮಂಡಲದಲ್ಲಿ ನಮ್ಮ ತುಮಕೂರು ಜಿಲ್ಲೆಯ ಆರ್. ಚನ್ನಿಗರಾಮಯ್ಯ ಇದ್ದರು, ದಲಿತ ಸಮುದಾಯದವರು. 1881ರ ಪಟ್ಟಿಯಲ್ಲಿ ಅವರ ಜನರ ಹೆಸರು ಬರೆಯುವ ಯೋಚನೆಯೂ ಯಾರಿಗೂ ಬರುತ್ತಿರಲಿಲ್ಲ. ಪ್ರಜಾಮಿತ್ರ ಮಂಡಳಿಯ ದೊಡ್ಡ ಜಾತಿಗಳೂ ಅವರನ್ನು ಅರ್ಜಿಯ ಕೊನೆಯ ಸಾಲಿಗೆ ಮೀಸಲಿಟ್ಟಿದ್ದವು ಎಂಬುದನ್ನು ಇಲ್ಲಿ ಹೇಳದೆ ಬಿಟ್ಟರೆ ತಪ್ಪಾಗುತ್ತದೆ.

1952ರ ಮೊದಲ ಮಹಾಚುನಾವಣೆಯಲ್ಲಿ ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ 74 ಕಾಂಗ್ರೆಸ್ಸಿಗೆ ಹೋದವು. ಎದುರು ನಿಂತವರಲ್ಲಿ ಹಲವರು ಹಿಂದೆ ಅದೇ ಬಾವುಟದ ಕೆಳಗೆ ಜೈಲಿಗೆ ಹೋದವರು. ಒಂದಾದ ಪಕ್ಷ ಮತ್ತೆ ಕವಲೊಡೆಯುತ್ತಿತ್ತು. ಆಮೇಲೆ ಬಂದ ಹಾಗೆ ಒಂದೇ ಚೀಟಿಯ ಮೇಲೆ ಎಲ್ಲ ಹೆಸರು ಆಗ ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಗುರುತು: ಕಾಂಗ್ರೆಸ್ಸಿಗೆ ನೊಗ ಹೊತ್ತ ಜೋಡೆತ್ತು, ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ ಗುಡಿಸಲು, ಸೋಷಲಿಸ್ಟರಿಗೆ ಮರ. ಪರದೆ ಸರಿಸಿ ಒಳಗೆ ಹೋದ ರೈತ ಹೆಣ್ಣುಮಗಳು ಪೆಟ್ಟಿಗೆಗಳ ಸಾಲಿನ ಮುಂದೆ ಒಬ್ಬಳೇ ನಿಲ್ಲುತ್ತಿದ್ದಳು. ಪಟೇಲ ಹೊರಗೆ. ಅಮಲ್ದಾರ ಹೊರಗೆ. ಕೈಯಲ್ಲಿ ಮಡಿಸಿದ ಒಂದು ಚೀಟಿ.

ಪಾವಗಡದ ಹುಡುಗನಿಗೆ ಮಾರನೇ ದಿನ ಇಷ್ಟನ್ನೂ ಹೇಳಲಾಗಲಿಲ್ಲ. ಜೆಫರ್ಸನ್ ಗೆದ್ದ 36 ಸುತ್ತಿನ ಪಾಠ ಬಾಕಿ ಇತ್ತು. ವಿದುರಾಶ್ವತ್ಥಕ್ಕೆ ಹೋಗಿದ್ದೀಯಾ ಎಂದು ಮಾತ್ರ ಕೇಳಿದೆ. "ಹೋಗಿದೀನಿ ಸಾರ್, ನಮ್ಮವ್ವ ನಾಗರ ಕಲ್ಲು ನಿಲ್ಸಿದಾಳೆ" ಅಂದ.